ಪರವಾ ಎಂದರೆ ನಾಡಿದ್ದು

ಮಧ್ಯಾಹ್ನ ಒಂದು ಗಂಟೆಗೆ ಪುಣೆಯ ಸದಾಶಿವ ಪೇಠೆಯ ಅಂಗಡಿಗಳು ಶಟರ್ ಎಳೆದುಕೊಂಡು ಮಲಗಿಬಿಡುತ್ತವೆ. ನನ್ನ ಔಷಧದ ಅಂಗಡಿಯೂ ಅದಕ್ಕೆ ಹೊರತಲ್ಲ. ಶಟರನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಕೌಂಟರಿನ ಹಿಂದೆ ಚಾಪೆ ಹಾಸಿ, ನಾಲ್ಕರವರೆಗೆ ಅಡ್ಡಾಗುವುದು ನನ್ನ ಇಪ್ಪತ್ತೆರಡು ವರ್ಷದ ರೂಢಿ. ಶಟರಿನ ಕೆಳಗಿನಿಂದ ನುಸುಳುವ ಬೆಳಕು ಛಾವಣಿಗೆ ಹೋಗಿ ತಾಗುತ್ತದೆ. ಬೀದಿಯಲ್ಲಿ ಯಾರಾದರೂ ನಡೆದರೆ ಅವರ ಕಾಲಿನ ನೆರಳು ಕೆಮ್ಮಿನ ಔಷಧದ ಬಾಟಲಿಗಳ ಮೇಲೆ ನಿಧಾನವಾಗಿ ಹಾದುಹೋಗುತ್ತದೆ. ಸ್ಕೂಟರ್ ಹೋದರೆ ಇಡೀ ಛಾವಣಿಯೇ ಮಗ್ಗುಲು ಬದಲಿಸಿದಂತೆ ಕಾಣುತ್ತದೆ. ಅದು ನಿದ್ದೆಯಲ್ಲ, ಎಚ್ಚರವೂ ಅಲ್ಲ. ಬೆಳಗಿನಿಂದ ಕಿವಿಗೆ ಬಿದ್ದ ಮಾತುಗಳು ಆ ಹೊತ್ತಿನಲ್ಲಿ ಒಂದೊಂದಾಗಿ ಮರಳಿ ಬರುತ್ತವೆ. ಹೇಳಿದವರ ಮುಖ ಇರುವುದಿಲ್ಲ. ಯಾವ ಭಾಷೆಯ ಮಾತು ಎಂಬುದೂ ಕೆಲವೊಮ್ಮೆ ತಿಳಿಯುವುದಿಲ್ಲ.

ಅಂಥ ಒಂದು ಮಧ್ಯಾಹ್ನ ನಾನೇ ಆಡಿದ ಒಂದು ಮಾತು ಮರಳಿ ಬಂತು. ಅದರಿಂದ ಏನಾಯಿತೆಂಬುದನ್ನು ಕಂಡದ್ದು ಕಂಡಂತೆ ಬರೆಯಲು ಇಷ್ಟು ದಿನ ಬೇಕಾಯಿತು.

ನಾನು ವಿಜಯಪುರದ ಕಡೆಯವಳು. ಮದುವೆಯಾಗಿ ಪುಣೆಗೆ ಬಂದು ಕೌಂಟರಿನಲ್ಲಿ ನಿಂತ ಹೊಸದರಲ್ಲಿ ಗಿರಾಕಿಗಳು "ತಾಈ" ಎಂದು ಕರೆದರೆ ನನಗೆ "ತಾಯಿ" ಎಂದೇ ಕೇಳುತ್ತಿತ್ತು. ಮರಾಠಿಯಲ್ಲಿ ಅದಕ್ಕೆ ಅಕ್ಕ ಎಂದರ್ಥ. ನನ್ನ ಎರಡು ಪಟ್ಟು ವಯಸ್ಸಿನ ಗಂಡಸರು ತಲೆನೋವಿನ ಗುಳಿಗೆಗಾಗಿ ತಾಯಿ ತಾಯಿ ಎನ್ನುತ್ತಿದ್ದಾರೆ ಅನಿಸಿ, ನಗು ತಡೆಯಲು ಕಪಾಟಿನ ಕಡೆ ತಿರುಗುತ್ತಿದ್ದೆ. ಈಗ ಎರಡೂ ಭಾಷೆಗಳು ಒಂದೇ ಬಾಯಲ್ಲಿ ಒಕ್ಕಲಿವೆ. ಯಾವಾಗ ಯಾವುದು ಮಾತಾಡುತ್ತದೆ ಎಂಬುದನ್ನು ನಾನು ಗಮನಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಔಷಧ ಸಿಗದಿದ್ದರೆ ಅದಕ್ಕೆ ನಮ್ಮ ವ್ಯಾಪಾರದಲ್ಲಿ ಒಂದೇ ಶಬ್ದ: ಶಾರ್ಟ್. ಸಗಟು ವ್ಯಾಪಾರಿ ಫೋನಿನಲ್ಲಿ "ಶಾರ್ಟ್ ಆಹೇ" ಎಂದರೆ ಮಾತು ಮುಗಿಯಿತು. ಮಾಲು ಎಲ್ಲಿ ನಿಂತಿದೆ, ಯಾಕೆ ನಿಂತಿದೆ, ಅವನಿಗೂ ಗೊತ್ತಿರುವುದಿಲ್ಲ. ಅವನ ಮೇಲಿನವನಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲ ಎಂಬುದು ಕೈಯಿಂದ ಕೈಗೆ ಇಳಿದು ಕೊನೆಗೆ ನನ್ನ ಕೌಂಟರಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಅದನ್ನು ದಾಟಿಸಲು ನನಗೆ ಯಾರೂ ಇಲ್ಲ, ಎದುರಿಗೆ ಡಾಕ್ಟರ ಚೀಟಿ ಹಿಡಿದು ನಿಂತವರ ಹೊರತು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಶಾರ್ಟ್ ಆದದ್ದು ಫಿಟ್ಸ್ ಬರುವವರು ದಿನಕ್ಕೆ ಎರಡು ಸಲ ನುಂಗುವ ಒಂದು ಗುಳಿಗೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಅದನ್ನು ತಪ್ಪಿಸುವಂತಿಲ್ಲ. ಬೇರೆ ಕಂಪನಿಯದನ್ನು ಕೊಡಬೇಕಾದರೂ ಡಾಕ್ಟರನ್ನು ಕೇಳಬೇಕು. ಕೇಳಿ ಕೊಡುತ್ತಾ ಬಂದಂತೆ ಬೇರೆ ಕಂಪನಿಯವೂ ಖಾಲಿಯಾದವು. ಮೊದಲು ತಿಂಗಳಿಗೆ ಆಗುವಷ್ಟು ಕೊಡುತ್ತಿದ್ದವಳು ಹತ್ತು ದಿನಕ್ಕೆ ಕೊಡತೊಡಗಿದೆ, ಆಮೇಲೆ ಐದು ದಿನಕ್ಕೆ. ಹತ್ತು ಗುಳಿಗೆಯ ಸ್ಟ್ರಿಪ್ಪಿನ ಒಂದು ತುದಿಯಲ್ಲಿ ಅವಧಿ ಮುಗಿಯುವ ತಾರೀಖು ಒತ್ತಿರುತ್ತಾರೆ. ನಾವು ಕತ್ತರಿಸುವುದು ಯಾವಾಗಲೂ ಆಚೆಯ ತುದಿಯಿಂದ. ತಾರೀಖು ಇರುವ ತುಣುಕು ಕೊನೆಯವರೆಗೆ ನಮ್ಮಲ್ಲೇ ಉಳಿಯಬೇಕು. ಆ ದಿನಗಳಲ್ಲಿ ನನ್ನ ಕತ್ತರಿ ಎಷ್ಟು ಸಣ್ಣ ಸಣ್ಣ ತುಣುಕು ಮಾಡಿತೆಂದರೆ, ಮನೆಗೆ ಹೋದ ಮೇಲೂ ಬೆರಳಿನಲ್ಲಿ ಆ ತೆಳು ತಗಡಿನ ಸದ್ದು ಉಳಿದಿರುತ್ತಿತ್ತು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಶಾರ್ಟ್ ಆದ ಔಷಧವನ್ನು ಯಾವ ಅಂಗಡಿಯವರೂ ಪೂರ್ತಿ ಖಾಲಿ ಮಾಡುವುದಿಲ್ಲ. ಖಂಡಿತ ಬರುವವರೊಬ್ಬರು ಇರುತ್ತಾರೆ, ಅವರಿಗೆಂದು ಸ್ವಲ್ಪ ಡ್ರಾಯರಿನಲ್ಲಿ ಇರುತ್ತದೆ. ಮಿಕ್ಕವರಿಗೆ "ಇಲ್ಲ" ಅನ್ನುತ್ತೇವೆ. ಅದು ಸುಳ್ಳು ಎಂದು ನಮಗೆ ಅನಿಸುವುದಿಲ್ಲ. ಅಂಗಡಿಯ ಇಲ್ಲ ಬೇರೆ, ಮನೆಯ ಇಲ್ಲ ಬೇರೆ ಎಂಬ ಹಾಗೆ ನಡೆದುಕೊಂಡು ಬಂದಿದೆ.

ಆ ಗುಳಿಗೆಗೆ ಬರುವವರಲ್ಲಿ ಅಕ್ಕ-ತಂಗಿ ಇಬ್ಬರಿದ್ದರು. ನಮ್ಮ ಕಡೆಯವರೇ, ಇಂಡಿ ಸೀಮೆಯವರು. ಅಕ್ಕನಿಗೆ ನಲವತ್ತೈದರ ಮೇಲೆ, ಒಬ್ಬ ವಕೀಲರ ಕಚೇರಿಯಲ್ಲಿ ಕಾಗದಪತ್ರ ನೋಡುವ ಕೆಲಸ. ತಂಗಿಗೆ ಮೂವತ್ತು. ಕೋಚಿಂಗ್ ಕ್ಲಾಸಿನ ಪುಸ್ತಕಗಳನ್ನು ಹೊಲಿದು ಕಟ್ಟುವ ಬೈಂಡಿಂಗ್ ಖಾನೆಯಲ್ಲಿ ಕೆಲಸ. ಫಿಟ್ಸ್ ಬರುತ್ತಿದ್ದುದು ತಂಗಿಗೆ. ಇಬ್ಬರೂ ವಾಡೆ ಎನ್ನುವ ಹಳೆಯ ತೊಟ್ಟಿಮನೆಯೊಂದರ ಮೇಲಂತಸ್ತಿನ ಕೋಣೆಯಲ್ಲಿ ಇರುತ್ತಿದ್ದರು. ಸಾಮಾನ್ಯವಾಗಿ ಗುಳಿಗೆ ಒಯ್ಯಲು ಅಕ್ಕ ಬರುತ್ತಿದ್ದಳು. ಕೆಲಸ ಬೇಗ ಮುಗಿದ ಸಂಜೆ ತಂಗಿಯೂ ಜೊತೆಗಿರುತ್ತಿದ್ದಳು.

ಆ ಹುಡುಗಿಗೆ ಮೂರು ವರ್ಷ ಎರಡು ತಿಂಗಳಿಂದ ಒಂದು ಸಲವೂ ಫಿಟ್ಸ್ ಬಂದಿರಲಿಲ್ಲ. ದೀಪಾವಳಿಯವರೆಗೆ ಹೀಗೇ ಸಾಗಿದರೆ ಗುಳಿಗೆಯನ್ನು ನಿಧಾನವಾಗಿ ಇಳಿಸುತ್ತಾ ಹೋಗೋಣ, ಆಮೇಲೆ ಸ್ಕೂಟರಿನ ವಿಚಾರ ಮಾಡೋಣ ಎಂದು ಡಾಕ್ಟರು ಹೇಳಿದ್ದರಂತೆ. ಪುಣೆಯಲ್ಲಿ ಸ್ಕೂಟರ್ ಬರದ ಹೆಂಗಸೆಂದರೆ ನೀರಿನಲ್ಲಿ ಈಜು ಬರದ ಮೀನಿನ ಹಾಗೆ. ಇವಳು ಹದಿನೆಂಟರಿಂದ ಬೇರೆಯವರ ಹಿಂದೆ ಕೂತೇ ಓಡಾಡಿದವಳು. ಕೌಂಟರಿನಲ್ಲಿ ನಿಂತು ಬೀದಿಯ ಕಡೆ ನೋಡದೆ, ಬರೀ ಸದ್ದಿನಿಂದ ಯಾವ ಗಾಡಿ ಹೋಯಿತೆಂದು ಹೇಳುತ್ತಿದ್ದಳು. ಒಂದು ಸಲ ಅವಳಕ್ಕ ನನಗೆ ದೂರು ಹೇಳಿದ್ದಳು.

"ಗಾಡಿ ಇಲ್ಲ, ಲೈಸೆನ್ಸ್ ಇಲ್ಲ, ಇಕಿ ಹೆಲ್ಮೆಟ್ ತಂದ ಇಟ್ಟಾಳ ನೋಡ್ರಿ ಅಕ್ಕಾರ."

"ಇರ್ಲಿ ಬಿಡ," ಎಂದಿದ್ದಳು ತಂಗಿ. "ಸದ್ಯಕ್ಕ ಅದರಾಗ ನೀನ ಬಳ್ಳೊಳ್ಳಿ ತುಂಬಿಟ್ಟಿ."

ಬೆಳ್ಳುಳ್ಳಿ ಹೆಲ್ಮೆಟ್ಟಿನೊಳಗೆ ಚೆನ್ನಾಗಿ ಒಣಗುತ್ತದೆ ಎಂದು ಅಕ್ಕ ಗಂಭೀರವಾಗಿ ಸಮಜಾಯಿಷಿ ಕೊಟ್ಟಿದ್ದಳು.

ಆ ಸೋಮವಾರ ಬೆಳಿಗ್ಗೆ ನನ್ನಲ್ಲಿ ಉಳಿದದ್ದು ಒಂದೇ ಸ್ಟ್ರಿಪ್. ಅಂಗಡಿ ತೆರೆಯುವ ಮೊದಲೇ ಸಾಸವಡದಿಂದ ಬಸ್ಸಿನಲ್ಲಿ ಬಂದವರೊಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ಅಲ್ಲಿ ಯಾವ ಅಂಗಡಿಯಲ್ಲೂ ಇಲ್ಲವಂತೆ, ಹೆಂಡತಿಗೆ ಬೇಕು ಎಂದರು. ನಾಲ್ಕು ಕತ್ತರಿಸಿ ಕೊಟ್ಟೆ. ತಾರೀಖಿನ ತುದಿ ಇರುವ ಆರು ಉಳಿದವು. ಅವನ್ನು ಡ್ರಾಯರಿನಲ್ಲಿ ಬ್ಯಾಂಡೇಜಿನ ಡಬ್ಬಿಯ ಕೆಳಗೆ ಇಟ್ಟೆ. ಪ್ರತಿ ಬುಧವಾರ ಬರುವ ಒಬ್ಬ ನಿವೃತ್ತ ಮಾಸ್ತರರಿಗೆಂದು ಇಟ್ಟದ್ದು. ಹಿಂದೊಮ್ಮೆ ಅವರು ನನ್ನ ಅಂಗಡಿಯ ಎದುರಿಗೇ ರಸ್ತೆಯಲ್ಲಿ ಬಿದ್ದಿದ್ದರು. ಬಿದ್ದವರ ಕನ್ನಡಕವನ್ನು ಎತ್ತಿಕೊಂಡವಳು ನಾನು. ಅದು ನನ್ನ ಕಾರಣ. ಅಷ್ಟೇ ಕಾರಣ.

ಹನ್ನೆರಡೂವರೆಗೆ ಕೌಂಟರಿನಲ್ಲಿ ನಾಲ್ಕೈದು ಜನ ಇದ್ದರು. ಕಿವಿ ಮತ್ತು ಹೆಗಲಿನ ನಡುವೆ ಫೋನ್ ಸಿಕ್ಕಿಸಿಕೊಂಡು ಸಗಟು ವ್ಯಾಪಾರಿಯ ಜೊತೆ ಮಾತಾಡುತ್ತಿದ್ದೆ. ಒಂದು ಕೈಯಲ್ಲಿ ಯಾರದೋ ಚೀಟಿ, ಇನ್ನೊಂದು ಕೈಯಲ್ಲಿ ಕತ್ತರಿ. ಅಕ್ಕ ಕೌಂಟರಿನ ತುದಿಗೆ ಬಂದು ನಿಂತಳು. ಗುಳಿಗಿ ಬಂತೇನ್ರಿ ಎಂದು ಕೇಳಿದಳು. ತಾಳು ಎಂದು ಕಣ್ಣಿನಲ್ಲೇ ಹೇಳಿದೆ. ಅವಳು ತಾಳಿದಳು. ಆಮೇಲೆ ಸ್ವಲ್ಪ ಬಾಗಿ, ಬೇರೆಯವರಿಗೆ ಕೇಳದ ಹಾಗೆ, ಎರಡನೆಯ ಪ್ರಶ್ನೆ ಕೇಳಿದಳು.

"ಮುಂಜಾನಿ ಕಡೀ ಗುಳಿಗಿ ತಗೊಂಡಾಳ್ರಿ. ಎರಡ ದಿನ ತಪ್ಪಿದ್ರ ಏನರೆ ಆಗತದೇನ್ರಿ?"

ಆ ಪ್ರಶ್ನೆಯ ಸದ್ದು ನನಗೆ ಮುಟ್ಟಿತ್ತು, ಅರ್ಥ ಮುಟ್ಟಿರಲಿಲ್ಲ. ಅದೇ ಕ್ಷಣ ಫೋನಿನೊಳಗಿನವನು ಈ ಹೊತ್ತು ಬರುವುದಿಲ್ಲ, ಪರವಾ ಬರುತ್ತದೆ ಎಂದು ಮರಾಠಿಯಲ್ಲಿ ಹೇಳಿದ. ಪರವಾ ಎಂದರೆ ಮರಾಠಿಯಲ್ಲಿ ನಾಡಿದ್ದು. ಫೋನಿನಲ್ಲಿ ಕೇಳಿದ್ದನ್ನು ನೆನಪಿಗಾಗಿ ಗಟ್ಟಿಯಾಗಿ ಮರುನುಡಿಯುವುದು ನನಗೆ ಅಭ್ಯಾಸ. "ಪರವಾ" ಎಂದೆ. ಫೋನ್ ಇಡುತ್ತಾ ಅವಳ ಕಡೆ ತಿರುಗಿದೆ. ಅವಳ ಮೊದಲ ಪ್ರಶ್ನೆ ಇನ್ನೂ ನನ್ನ ತಲೆಯಲ್ಲಿತ್ತು, ಗುಳಿಗೆ ಬಂತೇ ಎಂಬುದು. ಅದಕ್ಕೆ ಉತ್ತರವಾಗಿ "ಇಲ್ಲ" ಎಂದೆ.

ಎರಡು ಮಾತಿನ ನಡುವೆ ಒಂದು ಉಸಿರಿನಷ್ಟೂ ಜಾಗವಿರಲಿಲ್ಲ.

ಅವಳು ನಕ್ಕಳು. "ಹಂಗಾರ ಛಲೋ ಆತ್ರಿ" ಎಂದು ಮೆಟ್ಟಿಲಿಳಿದು ಹೋದಳು. ಆ ನಗುವನ್ನು ನಾನು ನೋಡಿದೆ. ಇಲ್ಲ ಎಂದರೆ ಯಾರೂ ನಗುವುದಿಲ್ಲ. ಇದೇನು ಎಂದು ಒಂದು ಕ್ಷಣ ಅನಿಸಿದ್ದೂ ನಿಜ. ಅಷ್ಟರಲ್ಲಿ ಇನ್ನೊಂದು ಚೀಟಿ ಮುಂದೆ ಬಂತು.

ಮರುದಿನ ಮಂಗಳವಾರ, ಚಾಪೆಯ ಮೇಲೆ ಮಲಗಿದ್ದೆ. ಹೊರಗೆ ಬಿಸಿಲು, ಯಾರೂ ಓಡಾಡುತ್ತಿರಲಿಲ್ಲ. ಫ್ಯಾನಿನ ಗಾಳಿಗೆ ಚೀಟಿಗಳು ಏಳುತ್ತಾ ಬೀಳುತ್ತಾ ಇದ್ದವು. ಕಣ್ಣು ಮುಚ್ಚಿದವಳಿಗೆ ಒಂದು ನಗು ಕಾಣಿಸಿತು. ಮುಖವಿಲ್ಲ, ಬರೀ ನಗು, ನೀರಿನ ಮೇಲಿಂದ ನೋಡಿದ ಹಾಗೆ ಅಲುಗುತ್ತಿತ್ತು. ಅದರ ಹಿಂದೆ ನನ್ನದೇ ದನಿ, ಪರವಾ. ಎಲ್ಲೋ ದೂರದಲ್ಲಿ ಇನ್ನೊಮ್ಮೆ ನನ್ನದೇ ದನಿ, ಇಲ್ಲ. ಎರಡೂ ಸದ್ದುಗಳು ನಿದ್ದೆಯ ಅಂಚಿನಲ್ಲಿ ತೇಲುತ್ತಾ ಹತ್ತಿರ ಬಂದವು, ತಾಗಿಕೊಂಡವು, ಒಂದಾದವು. ನಮ್ಮವ್ವ ಹಾಲು ಉಕ್ಕಿ ಚೆಲ್ಲಿದಾಗ ಹೇಳುತ್ತಿದ್ದ ಮಾತು. ಬಿದ್ದು ಮೊಣಕಾಲು ತರಚಿಕೊಂಡು ಬಂದಾಗ ಹೇಳುತ್ತಿದ್ದ ಮಾತು. ಪರವಾ ಇಲ್ಲ. ಏನೂ ಆಗುವುದಿಲ್ಲ, ಚಿಂತೆ ಬೇಡ.

ಎಷ್ಟು ಸುಖವಾದ ಮಾತು ಎಂದುಕೊಂಡೆ. ಇನ್ನೂ ಮಲಗಿಯೇ ಇದ್ದೆ. ಆಮೇಲೆ, ಆ ಸುಖದ ಒಳಗಿನಿಂದಲೇ, ಅಕ್ಕ ಕೇಳಿದ ಎರಡನೆಯ ಪ್ರಶ್ನೆಯ ಅರ್ಥ ಮೇಲೆದ್ದು ಬಂತು.

ಎದ್ದು ಕೂತೆ. ಬೆರಳು ಮಡಚಿ ಲೆಕ್ಕ ಹಾಕಿದೆ. ತಂಗಿಗೆ ನಿನ್ನೆ ರಾತ್ರಿಯದು ತಪ್ಪಿದೆ, ಈ ಬೆಳಗಿನದು ತಪ್ಪಿದೆ. ಅವಳ ಅಕ್ಕ ಬೇರೆ ಅಂಗಡಿಗಳಲ್ಲಿ ಹುಡುಕಿರುವುದಿಲ್ಲ. ಹುಡುಕಬೇಕಿಲ್ಲ ಎಂದು ನಾನೇ ಹೇಳಿ ಕಳಿಸಿದ್ದೇನೆ. ಅವರ ಫೋನ್ ನಂಬರ್ ನನ್ನಲ್ಲಿರಲಿಲ್ಲ. ವಾರಕ್ಕೊಮ್ಮೆ ಎದುರಿಗೆ ಬಂದು ನಿಲ್ಲುವವರ ನಂಬರ್ ಬೇಕೆಂದು ಯಾಕೆ ಅನಿಸೀತು? ಡ್ರಾಯರ್ ಎಳೆದೆ. ಬ್ಯಾಂಡೇಜಿನ ಡಬ್ಬಿಯ ಕೆಳಗೆ ಆರು ಗುಳಿಗೆ ಇದ್ದವು. ಕೈ ಅಲ್ಲಿಗೆ ಹೋಗಿ ನಿಂತಿತು. ನಾಳೆ ಬುಧವಾರ. ಎಷ್ಟು ಹೊತ್ತು ನಿಂತಿತೋ ಹೇಳಲಾರೆ. ಬಹಳ ಅಲ್ಲ. ಆದರೆ ನಿಂತಿತು ಎಂಬುದನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಆರನ್ನೂ ತೆಗೆದುಕೊಂಡು ಶಟರಿನ ಕೆಳಗೆ ನುಸುಳಿ ಹೊರಟೆ.

ಆ ಹೊತ್ತಿನ ಪೇಠೆಯನ್ನು ನಾನು ಅಷ್ಟು ವರ್ಷದಲ್ಲಿ ನಡೆದು ನೋಡಿರಲೇ ಇಲ್ಲ. ಎಲ್ಲ ಶಟರುಗಳೂ ಕೆಳಗೆ. ವಾಡೆಗಳ ಮರದ ಬಾಗಿಲುಗಳ ಹಿಂದೆ ಒಂದೊಂದು ಅಂಗಳ, ಅಂಗಳದಲ್ಲಿ ಒಂದು ತುಳಸಿ, ಒಂದು ನಲ್ಲಿ, ನಲ್ಲಿಯಿಂದ ಹನಿ. ಸ್ಕೂಟರುಗಳು ಸಾಲಾಗಿ ನೆರಳಿನ ಕಡೆ ವಾಲಿ ನಿಂತಿದ್ದವು. ಯಾವುದೋ ಮಹಡಿಯಿಂದ ರೇಡಿಯೋ ಕೇಳುತ್ತಿತ್ತು, ಹಾಡಲ್ಲ, ಬರೀ ಮಾತು. ನನ್ನ ಚಪ್ಪಲಿಯ ಸದ್ದು ನನಗಿಂತ ಸ್ವಲ್ಪ ಹಿಂದೆ ಬರುತ್ತಿತ್ತು. ಓಡಬೇಕು ಅನಿಸಿತು. ಓಡಿದರೆ ಇಡೀ ಬೀದಿ ಎಚ್ಚರವಾಗಿ ಕಾರಣ ಕೇಳುತ್ತದೆ ಎಂಬ ಅರ್ಥವಿಲ್ಲದ ಹೆದರಿಕೆಯಿಂದ ಬೇಗ ಬೇಗ ನಡೆದೆ. ಮೂಲೆಯ ನೀರಿನ ಕೊಡದ ಪಕ್ಕ ಕೂತಿದ್ದ ಮುದುಕಿಯನ್ನು ಬೈಂಡಿಂಗ್ ಖಾನೆ ಎಲ್ಲಿ ಎಂದು ಕೇಳಿದೆ. ಆಕೆ ಮಾತಾಡದೆ ಬೀಸಣಿಗೆಯನ್ನು ಎಡಕ್ಕೆ ತೋರಿದಳು.

ಅದು ಹಳೆಯ ವಾಡೆಯೊಂದರ ಕೆಳಗಿನ ಪಡಸಾಲೆ. ಪರೀಕ್ಷೆಯ ಪುಸ್ತಕಗಳ ಕಾಲವಾದ್ದರಿಂದ ಮಧ್ಯಾಹ್ನವೂ ಕೆಲಸ ನಡೆದಿತ್ತು. ಮೈದಾ ಅಂಟಿನ ಹುಳಿ ವಾಸನೆ. ಆರು ಹೆಂಗಸರು ನೆಲದ ಮೇಲೆ ಕೂತು ಮಡಚಿದ ಹಾಳೆಗಳನ್ನು ಹೊಲಿಯುತ್ತಿದ್ದರು. ತಂಗಿ ಕಿಟಕಿಯ ಪಕ್ಕ ಇದ್ದಳು. ಮೈಮೇಲೆ ಬೆಳಕು ಬಿದ್ದಿತ್ತು. ಚೆನ್ನಾಗಿಯೇ ಇದ್ದಾಳೆ ಎಂದು ನನ್ನ ಉಸಿರು ಇಳಿಯಿತು. ಆಮೇಲೆ ಅವಳ ಕೈ ನೋಡಿದೆ. ಸೂಜಿ ಎತ್ತಿದ ಕೈ ಗಾಳಿಯಲ್ಲಿ ನಿಂತಿತ್ತು. ದಾರ ಬಿಗಿಯಾಗಿತ್ತು. ಪಕ್ಕದವಳು ಏನೋ ಚೇಷ್ಟೆಯ ಮಾತಾಡಿ ಅವಳ ಮುಖ ನೋಡಿ ನಗುತ್ತಿದ್ದಳು. ಬೆಳಗಿನಿಂದ ಹೀಗೇ, ಕನಸು ಕಾಣುತ್ತಿದ್ದಾಳೆ ಎಂದು ನನಗೂ ಮರಾಠಿಯಲ್ಲಿ ಹೇಳಿದಳು. ನಾನು ಅವಳ ಹೆಸರು ಹಿಡಿದು ಕೂಗಿದೆ. ಅವಳು ನನ್ನ ಕಡೆ ತಿರುಗಿದಳು, ಆದರೆ ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ಇದ್ದ ಯಾವುದನ್ನೋ ಬಹಳ ಆಸೆಯಿಂದ ನೋಡಿದಳು. ಆಮೇಲೆ ಪಕ್ಕಕ್ಕೆ ವಾಲಿದಳು, ಮೈ ಸೆಟೆದು ಅಲುಗತೊಡಗಿತು.

ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ಇಪ್ಪತ್ತೊಂದು ನಿಮಿಷ. ಸೆಕೆಂಡಿನ ಮುಳ್ಳು ನಾಲ್ಕರ ಮೇಲಿತ್ತು. ಅವಳ ಕೈಯಿಂದ ಸೂಜಿ ತೆಗೆದೆ. ತಲೆಯ ಕೆಳಗೆ ನನ್ನ ಸೆರಗು ಮಡಚಿಟ್ಟೆ. ಸುತ್ತ ಇದ್ದ ಪುಸ್ತಕದ ಕಟ್ಟುಗಳನ್ನು ಕಾಲಿನಿಂದ ದೂಡಿದೆ. ಒಬ್ಬಳು ಈರುಳ್ಳಿ ಹುಡುಕುತ್ತಿದ್ದಳು, ಇನ್ನೊಬ್ಬಳು ಚಪ್ಪಲಿ ತಂದಳು, ಮಾಲೀಕರು ಬೀಗದ ಕೈಗೊಂಚಲು ಹಿಡಿದು ಬಂದರು. ಮೂಗಿಗೆ ಏನೂ ಬೇಡ, ಬಾಯಿಗೆ ಏನೂ ಬೇಡ, ಕೈ ಹಿಡಿದು ಒತ್ತಬೇಡಿ ಎಂದು ಮೂರು ಸಲ ಹೇಳಿದೆ. ಯಾವ ಭಾಷೆಯಲ್ಲಿ ಹೇಳಿದೆನೋ ನೆನಪಿಲ್ಲ. ಅವರು ಹಿಂದೆ ಸರಿದರು. ಅಲುಗಾಟ ತಗ್ಗಿದ ಮೇಲೆ ಅವಳನ್ನು ಮಗ್ಗುಲಿಗೆ ತಿರುಗಿಸಿ ಹಿಡಿದುಕೊಂಡೆ. ಮುಳ್ಳು ಎರಡು ಸುತ್ತು ಬಂದು ಆರರ ಮೇಲೆ ಬಂದಾಗ ಅವಳು ಉದ್ದಕ್ಕೆ ಉಸಿರೆಳೆದಳು. ಎರಡು ನಿಮಿಷ ಹತ್ತು ಸೆಕೆಂಡು.

ಮಾಲೀಕರು ಅವಳಕ್ಕನಿಗೆ ಫೋನ್ ಮಾಡಿದರು. ನಾನು ತಂಗಿಯ ಚೀಲದಲ್ಲಿದ್ದ ಚೀಟಿಯ ಮೇಲಿನ ನಂಬರ್ ಹುಡುಕಿ ಡಾಕ್ಟರಿಗೆ ಮಾಡಿದೆ. ಪೂರ್ತಿ ಎಚ್ಚರವಾಗಿ ನೀರು ಕುಡಿಯುವಂತಾದ ಮೇಲೆ ಒಂದು ಗುಳಿಗೆ ಈಗಲೇ ಕೊಡಿ, ರಾತ್ರಿಯದು ಎಂದಿನಂತೆ, ಇನ್ನೊಮ್ಮೆ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ, ಏನೂ ಆಗದಿದ್ದರೂ ನಾಳೆ ನೋಡಬೇಕು ಎಂದರು.

ಅವಳು ಕಣ್ಣು ಬಿಟ್ಟು ಬಹಳ ಹೊತ್ತು ಛಾವಣಿಯನ್ನೇ ನೋಡಿದಳು. ನನ್ನನ್ನು ಗುರುತಿಸಿದಳು. ತಾನೆಲ್ಲಿದ್ದೇನೆಂದು ಕೇಳಲಿಲ್ಲ.

"ಎಷ್ಟ ಹೊತ್ತ್ರಿ?" ಎಂದಳು.

ಹೇಳಿದೆ. ಸೆಕೆಂಡುಗಳನ್ನೂ ಸೇರಿಸಿಯೇ ಹೇಳಿದೆ.

"ಹಂಗಾರ ಶೂನ್ಯಕ್ಕ ಬಂತ," ಎಂದು ಮತ್ತೆ ಕಣ್ಣು ಮುಚ್ಚಿದಳು. ಮೂರು ವರ್ಷ ಎರಡು ತಿಂಗಳು. ಹೇಳಲು ನನ್ನಲ್ಲಿ ಉಳಿದಿದ್ದ ಸಮಾಧಾನದ ಮಾತು ಒಂದೇ, ಅದನ್ನು ಬಾಯಿಗೆ ತರುವಂತಿರಲಿಲ್ಲ.

ಅಕ್ಕ ಬಂದಳು. ಓಡಿ ಬಂದಿದ್ದಳು. ತಂಗಿಯ ಹಣೆ ಮುಟ್ಟಿ ನೋಡಿ, ಗುಳಿಗೆ ನುಂಗಿಸಿ, ಅವಳ ಕೂದಲನ್ನೆಲ್ಲ ಸರಿ ಮಾಡಿ, ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟು ಇರಲಿಲ್ಲ. ಕಚೇರಿಯಲ್ಲಿ ಕಾಗದ ಓದಿ ತಾಳೆ ನೋಡುವವರ ದನಿಯಲ್ಲಿ ಕೇಳಿದಳು.

"ನೀವ ಪರವಾ ಇಲ್ಲ ಅಂದ್ರೆಲ್ರಿ ಅಕ್ಕಾರ."

ನಡೆದದ್ದನ್ನು ಹೇಳಿದೆ. ಫೋನಿನಲ್ಲಿ ಮರಾಠಿಯವನು ಇದ್ದ, ಪರವಾ ಎಂದದ್ದು ಅವನಿಗೆ, ಇಲ್ಲ ಎಂದದ್ದು ನಿನಗೆ, ಎರಡನೆಯ ಪ್ರಶ್ನೆ ನನಗೆ ಮುಟ್ಟಿರಲೇ ಇಲ್ಲ. ಅವಳು ಆ ಎರಡು ಶಬ್ದಗಳನ್ನು ತನ್ನಷ್ಟಕ್ಕೆ ಮೆಲ್ಲಗೆ ಆಡಿ ನೋಡಿದಳು. ಒಮ್ಮೆ ಜಾಗ ಬಿಟ್ಟು, ಒಮ್ಮೆ ಬಿಡದೆ. ಹೌದು ಎನ್ನುವಂತೆ ತಲೆ ಆಡಿಸಿದಳು. ಇಪ್ಪತ್ತು ವರ್ಷ ಇದೇ ಊರಿನಲ್ಲಿದ್ದು ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ಪರವಾ ಪರವಾ ಅನ್ನುತ್ತೇನೆ, ಆದರೂ ನಿಮ್ಮ ಬಾಯಿಂದ ಬಂದದ್ದು ಕನ್ನಡ ಅಂತಲೇ ಕೇಳಿಸಿತು ಎಂದಳು. ನೀವು ನಮ್ಮವರಲ್ಲವೇ ಎಂದಳು.

ಅಲ್ಲಿಗೆ ಮುಗಿಸಬಹುದಿತ್ತು. ತಪ್ಪು ಎರಡು ಭಾಷೆಗಳದ್ದು ಎಂದು ಅವಳೇ ಒಪ್ಪಿಕೊಂಡಿದ್ದಳು. ಆದರೆ ಅವಳ ಕಣ್ಣು ನನ್ನ ಕೈಯಲ್ಲಿದ್ದ ಸ್ಟ್ರಿಪ್ಪಿನ ತುಣುಕಿಗೆ ಇಳಿಯಿತು.

"ನಾಳಿಗಿ ಬರೋ ಗುಳಿಗಿ ಇವತ್ತ ಹೆಂಗ ಬಂದ್ವು?"

ಬಂದದ್ದಲ್ಲ, ಇದ್ದವು ಎಂದೆ.

"ನಿನ್ನಿನೂ ಇದ್ವು?"

"ಇದ್ದವು."

"ನಾ ಕೇಳಿದಾಗ?"

"ಆಗಲೂ ಇದ್ದವು. ಇನ್ನೊಬ್ಬರ ಸಲುವಾಗಿ ತಗದ ಇಟ್ಟಿದ್ದೆ."

ಮಾಸ್ತರರ ವಿಷಯ ಹೇಳಿದೆ. ರಸ್ತೆಯಲ್ಲಿ ಬಿದ್ದದ್ದು, ಕನ್ನಡಕ, ಬುಧವಾರ. ಹೇಳುತ್ತಾ ಹೋದಂತೆ ಅದೊಂದು ಕಾರಣವಾಗಿ ಕಾಣುವ ಬದಲು ಯಾರದೋ ಕಥೆಯ ಹಾಗೆ ಕೇಳತೊಡಗಿತು. ತಂಗಿ ಮಲಗಿದಲ್ಲಿಂದಲೇ ಎಲ್ಲ ಕೇಳುತ್ತಿದ್ದಳು. ಅಕ್ಕ ಹೊಲಿಯುವವರ ಹತ್ತಿರ ಕತ್ತರಿ ಇಸಿದುಕೊಂಡಳು. ಒಂದು ಈಗಷ್ಟೇ ಕೊಟ್ಟಾಗಿತ್ತು. ರಾತ್ರಿಗೆ ಒಂದು, ಬೆಳಿಗ್ಗೆಗೆ ಒಂದು, ಎರಡನ್ನು ಕತ್ತರಿಸಿಕೊಂಡಳು. ತಾರೀಖಿನ ತುದಿ ಇದ್ದ ಮೂರನ್ನು ನನಗೆ ಚಾಚಿದಳು.

"ಇವು ಮಾಸ್ತರವು," ಎಂದಳು. "ಅವರೂ ಬೀಳಬಾರದಲ್ರಿ."

ಅದು ಕನಿಕರವೋ ಚುಚ್ಚು ಮಾತೋ ಇಂದಿಗೂ ನನಗೆ ತಿಳಿದಿಲ್ಲ. ಎರಡೂ ಇದ್ದಿರಬಹುದು.

ಬುಧವಾರ ಮಾಲು ಬಂತು, ಕೇಳಿದ್ದರ ಅರ್ಧ. ಎಲ್ಲರಿಗೂ ವಾರಕ್ಕಾಗುವಷ್ಟು ಕೊಟ್ಟೆ. ಡಾಕ್ಟರು ತಂಗಿಯನ್ನು ನೋಡಿ, ಗುಳಿಗೆ ಇಳಿಸುವ ಮಾತು ಈಗ ಬೇಡ, ಈ ದಿನದಿಂದ ಮತ್ತೆ ಎಣಿಸೋಣ ಎಂದರಂತೆ. ಅದನ್ನು ನನಗೆ ಹೇಳಿದವಳು ತಂಗಿಯೇ. ಅಕ್ಕ ನನ್ನ ಅಂಗಡಿಗೆ ಬರುವುದನ್ನು ಬಿಟ್ಟಿದ್ದಳು. ಬೀದಿಯಲ್ಲಿ ಎದುರಾದರೆ ನಿಂತು, ಚೆನ್ನಾಗಿದ್ದೀರೇನ್ರಿ ಎಂದು ಕೇಳುತ್ತಾಳೆ, ಉತ್ತರ ಕೇಳಿಸಿಕೊಂಡು ಹೋಗುತ್ತಾಳೆ. ಮೊದಲಿನ ಹಾಗೆ ಇನ್ನೊಂದು ಮಾತು ಬೆಳೆಯುವುದಿಲ್ಲ.

ತಂಗಿ ಮೊದಲ ಸಲ ಒಬ್ಬಳೇ ಬಂದ ದಿನ ನಾನೇ ಕೇಳಿದೆ, ಬೇರೆ ಅಂಗಡಿ ಹತ್ತಿರವಿತ್ತಲ್ಲ ಎಂದು.

"ಅಕ್ಕನೂ ಅದನ್ನ ಅಂತಾಳ್ರಿ," ಎಂದಳು. "ನಾ ಹೇಳಿದೆ, ಇವರದು ತಪ್ಪೋದ ಒಮ್ಮೆ ತಪ್ಪಿ ಮುಗದದ. ಅಲ್ಲೆ ಹೋದ್ರ ಅವರು ಇನ್ನ ತಪ್ಪೋರಿದ್ದಾರ."

ಅವಳೇ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಇನ್ನು ಮುಂದೆ ಇಲ್ಲ ಅಂದರೆ ಎಷ್ಟಿವೆ ಅಂತ ಹೇಳಬೇಕು, ಯಾರಿಗೆ ಅಂತ ಹೇಳಬೇಡಿ, ಎಷ್ಟು ಜನಕ್ಕೆ ಅಂತ ಹೇಳಿ ಎಂದಳು. ನಾನು ಒಪ್ಪಿಕೊಂಡೆ. ಇದು ಅವಳೊಬ್ಬಳ ಜೊತೆಗಿನ ಒಪ್ಪಂದವಾಗಿ ಉಳಿಯಲಿಲ್ಲ. ಎಲ್ಲರಿಗೂ ಹಾಗೆಯೇ ಹೇಳತೊಡಗಿದೆ. ಫೋನ್ ಕೆಳಗಿಟ್ಟು, ಮುಖ ನೋಡಿ, ಪೂರ್ತಿ ವಾಕ್ಯದಲ್ಲಿ. ಇದರಿಂದ ಜಗಳ ಹೆಚ್ಚಾಗಿದೆ. ಇಟ್ಟುಕೊಂಡೂ ಕೊಡುವುದಿಲ್ಲವೇ ಎಂದು ಬೈದು ಹೋದವರಿದ್ದಾರೆ. ಒಬ್ಬರು ಕೌಂಟರಿಗೆ ಗುದ್ದಿದರು. ಇಲ್ಲ ಎಂಬ ಒಂದು ಶಬ್ದ ನಮ್ಮನ್ನು ಎಷ್ಟು ಜಗಳದಿಂದ ಉಳಿಸಿತ್ತೆಂದು ಆಮೇಲೆ ಗೊತ್ತಾಯಿತು.

ಹೋದ ತಿಂಗಳು ಆ ಗುಳಿಗೆ ಮತ್ತೆ ಶಾರ್ಟ್ ಆಯಿತು. ಒಂದು ಸಂಜೆ ಐದಕ್ಕೆ ತಂಗಿ ಬಂದಳು. ಬೆರಳ ತುದಿಯಲ್ಲಿ ಅಂಟು ಒಣಗಿತ್ತು. ಇವತ್ತಿಗೆ ಫಿಟ್ಸ್ ಇಲ್ಲದ ನೂರಾ ಎಂಬತ್ತೆಂಟನೆಯ ದಿನ ಎಂದು ತ್ರಾಸಿನಲ್ಲಿ ತೂಗಿದ ಹಾಗೆ ಹೇಳಿ, ಕೌಂಟರಿನ ಮೇಲೆ ಎರಡೂ ಕೈ ಇಟ್ಟು ನಿಂತಳು.

"ಎಂಟು ಅದಾವ," ಎಂದೆ. "ನಿನ್ನ ಹಿಡದ ಮೂರು ಮಂದಿಗೆ ಬೇಕು. ಶುಕ್ರವಾರ ಬರತಾವ ಅಂತ ಹೇಳ್ಯಾರ. ನನಗ ನಂಬಿಕಿ ಇಲ್ಲ. ನಿನ್ನ ಹತ್ತಿರ ಎಷ್ಟು ಅದಾವ?"

"ನಾಕು."

ಎರಡು ದಿನ. ಮಿಕ್ಕ ಇಬ್ಬರಲ್ಲಿ ಒಬ್ಬರಿಗೆ ಇವತ್ತು ರಾತ್ರಿಗೇ ಇಲ್ಲ ಎಂದೆ. ಅವಳು ಯೋಚಿಸಿದಳು. ಹಿಂದೆ ನಿಂತವರು ಕೆಮ್ಮಿ ಅವಸರ ತೋರಿಸಿದರು. ಅವಳು ತಿರುಗಿ ನೋಡಲಿಲ್ಲ. ಎರಡು ಕೊಡ್ರಿ, ಮೂರು ದಿನಕ್ಕಾಗುತ್ತದೆ, ಅಷ್ಟರೊಳಗೆ ಬೇರೆ ಗುಳಿಗೆಗೆ ಬದಲಿಸಬಹುದೇ ಎಂದು ಡಾಕ್ಟರನ್ನು ಈಗಲೇ ಕೇಳೋಣ ಎಂದಳು. ನನ್ನ ಫೋನನ್ನು ತಾನೇ ತೆಗೆದು, ಡಾಕ್ಟರ ನಂಬರ್ ಹಚ್ಚಿ, ಸ್ಪೀಕರ್ ಒತ್ತಿ, ಇಬ್ಬರ ನಡುವೆ ಗಾಜಿನ ಮೇಲೆ ಇಟ್ಟಳು.

"ನೀವ ಮಾತಾಡ್ರಿ. ಸಾವಕಾಶ. ನಾ ಒಂದೊಂದ ಮಾತ ಕೇಳ್ತೀನಿ."

ಆ ಕಡೆ ಫೋನಿನ ಗಂಟೆ ಬಾರಿಸುತ್ತಿತ್ತು. ಇಬ್ಬರೂ ಆ ಸಣ್ಣ ಬೆಳಕಿನ ಮೇಲೆ ತಲೆ ಬಗ್ಗಿಸಿ ನಿಂತೆವು. ಅವಳ ತುಟಿ ಸದ್ದಿಲ್ಲದೆ ಗಂಟೆಗಳನ್ನು ಎಣಿಸುತ್ತಿತ್ತು. ಆರನೆಯದಕ್ಕೆ ಆ ಕಡೆಯಿಂದ ಮರಾಠಿಯಲ್ಲಿ ಒಂದು ದನಿ ಯಾರು ಎಂದು ಕೇಳಿತು. ನಾನು ಅಂಗಡಿಯ ಹೆಸರು ಹೇಳಿದೆ, ಅವಳ ಹೆಸರು ಹೇಳಿದೆ, ಗುಳಿಗೆಯ ಹೆಸರು ಹೇಳಿದೆ. ಒಂದೊಂದರ ನಡುವೆ ಜಾಗ ಬಿಟ್ಟೆ.